ಅತ್ತೆಯ ಸೈಟಿನ ಪತ್ರ ಬಿಡಿಸಿಕೊಂಡಿದ್ದು

ನನ್ನ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗುವುದಿಲ್ಲ ಎಂದು ನನ್ನ ಗಂಡ ಆಗಾಗ ಹೇಳುತ್ತಾರೆ. ನಿಜವೇ. ಆ ದಿನ ಮದ್ದೂರಿನ ಬ್ಯಾಂಕಿನಲ್ಲೂ ಬಾಯಿ ತೆರೆದವಳು ನಾನೇ. ಮನೆ ಕಟ್ಟಲು ಇಪ್ಪತ್ತು ಲಕ್ಷ ಸಾಲ, ತೀರಿಸಲು ಇಪ್ಪತ್ತು ವರ್ಷ. ಸಂಬಳ ನನ್ನದು, ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ನಾನು. ಆದರೆ ಸೈಟು ಅತ್ತೆಯದು. ವರ್ಷಗಟ್ಟಲೆ ಡೇರಿಗೆ ಹಾಲು ಹಾಕಿ, ಬಟವಾಡೆ ದುಡ್ಡಿನಲ್ಲಿ ಉಳಿಸಿ ಉಳಿಸಿ, ಮದ್ದೂರಿನ ಅಂಚಿನಲ್ಲಿ ಅವರು ಕೊಂಡಿದ್ದ ಮೂವತ್ತು ನಲವತ್ತರ ಸೈಟು. ವೈದ್ಯನಾಥಪುರದ ಕಡೆ ಇರುವ ಎರಡು ಎಕರೆ ಗದ್ದೆ ಮಾವನ ಹೆಸರಿನಿಂದ ನೇರ ನನ್ನ ಗಂಡನ ಹೆಸರಿಗೆ ಬಂದಿತ್ತು. ಅತ್ತೆಯ ಹೆಸರು, ಅತ್ತೆಯ ಫೋಟೊ, ಅತ್ತೆಯ ಹೆಬ್ಬೆಟ್ಟು ಇರುವ ಆಸ್ತಿ ಕಾಗದ ಅಂದರೆ ಅದೊಂದೇ.

ಬ್ಯಾಂಕಿನವರಿಗೆ ಅದರ ಅಸಲು ಬೇಕಿತ್ತು. ಅತ್ತೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟರು. ಕವರನ್ನು ಮಾತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇದ ಯಾವಾಗ ವಾಪಸ್ ಕೊಟ್ಟೀರಪ್ಪ?" ಎಂದು ಅಧಿಕಾರಿಯನ್ನು ಕೇಳಿದರು.

"ಸಾಲ ಮುಗಿದ ಮೇಲೆ ಅಜ್ಜಿ. ಇಪ್ಪತ್ತು ವರ್ಷ."

ಅತ್ತೆಗೆ ಆಗ ಅರವತ್ತೆರಡು. ಓದು ಬರಹ ಇಲ್ಲದಿದ್ದರೂ ಕೂಡುವುದು ಕಳೆಯುವುದರಲ್ಲಿ ಯಾರಿಗೂ ಕಮ್ಮಿಯಿಲ್ಲ. ಬೆರಳಲ್ಲೇ ಎಣಿಸಿ, "ಅಷ್ಟೊತ್ಗೆ ನಾನ್ ಇರ್ಬೇಕಲ್ಲಪ್ಪ" ಎಂದರು.

ದುಃಖದಿಂದ ಹೇಳಿದ್ದಲ್ಲ, ಲೆಕ್ಕ ಹೇಳಿದ್ದು ಅಷ್ಟೆ. ಆದರೂ ನಾನು ನಡುವೆ ಬಾಯಿ ಹಾಕಿ, "ಅತ್ತು ವರ್ಸದೊಳ್ಗೆ ನಿಮ್ ಕೈಗೆ ತಂದ್ಕೊಡ್ತೀನಿ ಬುಡಿ ಅತ್ತೆ. ಇವ್ರ್ ಮುಂದೇನೇ ಯೋಳ್ತಿವ್ನಿ" ಎಂದು ಹತ್ತು ವರ್ಷಕ್ಕೆ ಮಾತು ಕೊಟ್ಟುಬಿಟ್ಟೆ. ಅಧಿಕಾರಿ ನಕ್ಕರು. ಆ ನಗು ನನಗೆ ಇವತ್ತಿಗೂ ಜ್ಞಾಪಕವಿದೆ.

ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಕಳಶದ ಮುಂದೆ ಒಂದು ತಟ್ಟೆ ಇಡುತ್ತೇವೆ. ಅದರಲ್ಲಿ ಒಡವೆ, ದುಡ್ಡು, ಅದರ ಮೇಲೆ ಅತ್ತೆಯ ಪತ್ರ. ಸಾಲ ತೆಗೆದ ವರ್ಷದ ಹಬ್ಬದಲ್ಲಿ ಅತ್ತೆ ಅದೇ ಖಾಲಿ ಕವರನ್ನು ಅಂಗೈಯಿಂದ ನೀವಿ ನೆಟ್ಟಗೆ ಮಾಡಿ, ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದರು. "ಬರೀ ಕವರ್ಗೆ ಎಂಥ ಪೂಜೆ ಅತ್ತೆ?" ಎಂದೆ.

"ಬಸ್ಸಲ್ಲಿ ಕಿಟಕಿಯಿಂದ ಟವಲ್ ಆಕಿ ಸೀಟ್ ಇಡಿಯಲ್ವಾ, ಅಂಗೆ ಕಣಮ್ಮಿ. ಜಾಗ ಇಡ್ದಿವ್ನಿ. ಸುಮ್ಕಿರು."

ಆ ವರ್ಷವೇ ಅವರು ಕೊಟ್ಟಿಗೆಯಲ್ಲಿ ಎರಡನೇ ಹಸು ಕಟ್ಟಿದರು. ಬಟವಾಡೆ ಬಂದ ದಿನ ಹಿಂಡಿ, ಬೂಸಾದ ಖರ್ಚು ಕಳೆದು ಮಿಕ್ಕಿದ್ದನ್ನು ನನ್ನ ಕೈಗೆ ಹಾಕಿ, "ಇದ್ನೂ ಅಲ್ಗೇ ಕಟ್ಬುಡು" ಎನ್ನುವರು. ವರ್ಷಕ್ಕೊಂದು ಸಲ ಬರುವ ಕಬ್ಬಿನ ದುಡ್ಡನ್ನು ಗಂಡ ಕೊಡಬೇಕು. ನಾನು ನನ್ನ ಚೀಟಿ ಎತ್ತಿ ಅದರ ಜೊತೆ ಸೇರಿಸಬೇಕು. ಹೀಗೆ ಮಾತಾಯಿತು.

ಚೀಟಿಯ ವಿಷಯ ಸ್ವಲ್ಪ ಹೇಳಬೇಕು, ನಾನು ಮುಗ್ಗರಿಸಿದ್ದು ಅಲ್ಲೇ. ನಮ್ಮ ಬೀದಿಯ ಇಪ್ಪತ್ತು ಹೆಂಗಸರ ಚೀಟಿಗೆ ಯಜಮಾನಿ ನಾನು. ತಿಂಗಳಿಗೊಮ್ಮೆ ನಮ್ಮ ಜಗಲಿಯಲ್ಲಿ ಹರಾಜಿನ ಕೂಗು. ಅವಸರ ಇದ್ದವರು ಎಷ್ಟು ಹೆಚ್ಚು ಬಿಟ್ಟುಕೊಟ್ಟು ಚೀಟಿ ಎತ್ತುತ್ತಾರೋ ಆ ತಿಂಗಳು ಉಳಿದವರು ಕಟ್ಟುವ ಕಂತು ಅಷ್ಟು ಇಳಿಯುತ್ತದೆ. ಚೀಟಿ ಮುಗಿಯುವುದು ಇಪ್ಪತ್ತನೇ ತಿಂಗಳಿಗೇ, ಅದನ್ನು ಯಾರೂ ಕದಲಿಸಲಾರರು. ಹಾಗಾಗಿ ಕಂತು ಇಳಿಯಿತು ಅಂದರೆ ಲಾಭ, ಇಳಿಯಲಿಲ್ಲ ಅಂದರೆ ನಷ್ಟ. ಮದುವೆಯಾಗಿ ಬಂದಾಗಿನಿಂದ ನನ್ನ ತಲೆ ಓಡುತ್ತಿದ್ದದ್ದು ಇದೇ ದಾರಿಯಲ್ಲಿ.

ಮೊದಲನೇ ವರ್ಷದ ಕಬ್ಬಿನ ದುಡ್ಡು, ಚೀಟಿ, ಹಾಲಿನ ದುಡ್ಡು ಎಲ್ಲ ಸೇರಿ ಎರಡು ಲಕ್ಷವಾಯಿತು. ಕಂತಿನ ಮೇಲೆ ಹೆಚ್ಚಿಗೆ ಕಟ್ಟಲು ಹೋದೆ. ಅಧಿಕಾರಿ ಒಂದು ಅರ್ಜಿ ಮುಂದಿಟ್ಟು, "ಕಂತು ಕಮ್ಮಿ ಮಾಡೋದಾ, ಅವಧಿ ಕಮ್ಮಿ ಮಾಡೋದಾ ಮೇಡಂ?" ಎಂದು ಕೇಳಿದರು. ನಾನು ಯೋಚನೆಯನ್ನೇ ಮಾಡಲಿಲ್ಲ. ಇಷ್ಟು ವರ್ಷ ಚೀಟಿ ನಡೆಸಿದವಳಿಗೆ ಇದನ್ನೂ ಕೇಳಬೇಕೇ! "ಕಂತು ಕಮ್ಮಿ ಮಾಡಿ" ಎಂದು ಗುರುತು ಹಾಕಿ ಸಹಿ ಮಾಡಿದೆ.

ಹದಿನೆಂಟು ಸಾವಿರದ ಕಂತು ಹದಿನಾರು ಸಾವಿರದ ಚಿಲ್ಲರೆಗೆ ಇಳಿಯಿತು. ಮನೆಯಲ್ಲಿ ಒಬ್ಬಟ್ಟು ಮಾಡಿದೆ. ಮಳವಳ್ಳಿ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಕೊಂಡು ಬಂದೆ. ತಿಂಗಳು ತಿಂಗಳು ಉಳಿದ ದುಡ್ಡಿಗೆ ಇನ್ನೊಂದು ಚೀಟಿ ಬೇರೆ ಸೇರಿದೆ. ಮಾರನೇ ವರ್ಷವೂ ಅದೇ ಅರ್ಜಿ, ಅದೇ ಗುರುತು, ಕಂತು ಇನ್ನೂ ಇಳಿಯಿತು. ಆ ಹಬ್ಬದಲ್ಲಿ ಅತ್ತೆ ಖಾಲಿ ಕವರಿಗೆ ಕುಂಕುಮ ಹಚ್ಚುತ್ತ "ಎಷ್ಟ್ ವರ್ಸ ಕಳೀತು?" ಎಂದಾಗ, "ಅರ್ಧ ಮುಗ್ದಂಗೆ ಅತ್ತೆ" ಎಂದು ಎದೆ ಉಬ್ಬಿಸಿ ಹೇಳಿದ್ದೆ.

ಮೂರನೇ ವರ್ಷ ಆದಾಯ ತೆರಿಗೆಗೆಂದು ಬ್ಯಾಂಕಿನಿಂದ ಸಾಲದ ವಿವರದ ಹಾಳೆ ತರಿಸಿದೆ. ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ, ಒಂದು ಕೈಯಲ್ಲಿ ಮುದ್ದೆ ಮುರಿಯುತ್ತ ಇನ್ನೊಂದು ಕೈಯಲ್ಲಿ ಅದನ್ನು ತಿರುವಿದೆ. ಕೊನೆಯ ಪುಟದಲ್ಲಿ ಕೊನೆಯ ಕಂತಿನ ತಿಂಗಳು ಇತ್ತು. ಮೊದಲ ದಿನ ಏನಿತ್ತೋ ಅದೇ ತಿಂಗಳು, ಅದೇ ವರ್ಷ. ನಾಲ್ಕು ಲಕ್ಷ ಹೆಚ್ಚಿಗೆ ಸುರಿದಿದ್ದರೂ ಒಂದು ದಿನವೂ ಹಿಂದಕ್ಕೆ ಬಂದಿರಲಿಲ್ಲ.

ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿ ಬ್ಯಾಂಕಿಗೆ ನುಗ್ಗಿದೆ. ಜಗಳಕ್ಕೆಂದೇ ಹೋದವಳು. ಅಧಿಕಾರಿ ಸಮಾಧಾನವಾಗಿ ಕಡತ ತೆಗೆದು ನನ್ನದೇ ಎರಡು ಸಹಿ ತೋರಿಸಿದರು. "ನೀವೇ ಬರೆದುಕೊಟ್ಟಿದ್ದೀರಲ್ಲ ಮೇಡಂ. ಬಡ್ಡಿಯೇನೋ ಉಳಿದಿದೆ. ಆದರೆ ಅವಧಿ ಕಮ್ಮಿ ಆಗಬೇಕಿದ್ದರೆ ಕಂತು ಹಾಗೇ ಇರಬೇಕಿತ್ತು." ಇಡೀ ದಿನ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕುವ ಕೆಲಸದವಳು ನಾನು. ನನ್ನ ಅರ್ಜಿಯ ತಪ್ಪು ಮಾತ್ರ ನನಗೆ ಕಾಣಿಸಿರಲಿಲ್ಲ. ಅಷ್ಟು ನಾಚಿಕೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಲೇಬೇಕಾಯಿತು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ನಾನು ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದೆ. ಅವರು ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಅಂದ್ರೆ ಅಸಾ ತಿನ್ನೋದ್ನೇ ಕಮ್ಮಿ ಮಾಡ್ಬುಟ್ಟು ಉಲ್ಲು ಉಳೀತು ಅಂತ ಕುಣ್ದಂಗಾಯ್ತು ನಿನ್ ಕತೆ" ಎಂದರು. ಕರೆಯುತ್ತಲೇ, "ಈಗ ಸರಿ ಮಾಡಕ್ ಬತ್ತದಾ?" ಎಂದು ಕೇಳಿದರು.

"ಬತ್ತದೆ ಅತ್ತೆ."

"ಮಾಡು ಮತ್ತೆ. ಅತ್ಕೊಂಡ್ ನಿಂತ್ರೆ ಯಾರ್ ಕಟ್ಟಾರು?"

ಅತ್ತೆ ಬೈದಿದ್ದರೆ ನನಗೂ ಎದುರು ಮಾತಾಡಿ ಹಗುರಾಗಬಹುದಿತ್ತು. ಬೈಯಲಿಲ್ಲ. ಮಾರನೇ ದಿನವೇ ಹೋಗಿ ಹೊಸ ಅರ್ಜಿ ಬರೆದುಕೊಟ್ಟೆ. ಕಂತು ಮೊದಲಿನ ಹದಿನೆಂಟು ಸಾವಿರಕ್ಕೇ ಏರಬೇಕು, ಮುಂದೆ ಹೆಚ್ಚಿಗೆ ಕಟ್ಟುವ ಪ್ರತಿ ರೂಪಾಯಿಯೂ ಅವಧಿಯನ್ನು ಕಡಿಯಬೇಕು. ಕೊಟ್ಟಿದ್ದಕ್ಕೆ ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆ. ನಡೆಯುತ್ತಿದ್ದ ಚೀಟಿಗಳನ್ನು ಮುಗಿಸಿ ಹೊಸದು ಕಟ್ಟುವುದನ್ನು ಬಿಟ್ಟೆ. ಬೀದಿಯ ಹೆಂಗಸರು "ಯಜಮಾನಮ್ಮಂಗೆ ಏನೋ ಆಗದೆ ಕಣೆ" ಎಂದು ಆಡಿಕೊಂಡರು. ಆಡಿಕೊಳ್ಳಲಿ ಎಂದು ಸುಮ್ಮನಾದೆ. ತುಟ್ಟಿಭತ್ಯೆಯ ಬಾಕಿ ಬಂದರೆ ಅಲ್ಲಿಗೆ, ರಜೆ ಮಾರಿಕೊಂಡ ದುಡ್ಡು ಅಲ್ಲಿಗೆ. ಸೀರೆ ಕೊಳ್ಳುವುದೂ ವರ್ಷಕ್ಕೊಂದಕ್ಕೆ ಇಳಿಯಿತು. ಪ್ರತಿ ಸಲ ಕಟ್ಟಿದ ಮೇಲೆ ಕೊನೆಯ ಕಂತಿನ ತಿಂಗಳು ಯಾವುದು ಎಂದು ಕೇಳಿಕೊಂಡೇ ಮೆಟ್ಟಿಲಿಳಿಯುತ್ತಿದ್ದೆ. ಒಂದು ಸಲ ಏಳು ತಿಂಗಳು ಹಿಂದಕ್ಕೆ ಬಂತು, ಇನ್ನೊಂದು ಸಲ ಹೆಚ್ಚುಕಡಿಮೆ ಒಂದು ವರ್ಷ. ಆ ಸುಖ ಯಾವ ಚೀಟಿ ಕೂಗಿನಲ್ಲೂ ನನಗೆ ಸಿಕ್ಕಿರಲಿಲ್ಲ.

ಐದನೇ ವರ್ಷ ನನ್ನ ಗಂಡನಿಗೆ ಮಹಡಿಯ ಚಪಲ ಹತ್ತಿತು. ಸಾಲದಲ್ಲಿ ಕಟ್ಟಿದ ಮನೆಯ ತಾರಸಿಯ ಮೇಲೆ ಕಂಬಗಳ ಕಬ್ಬಿಣ ತುಕ್ಕು ಹಿಡಿದು ನಿಂತಿತ್ತು, ಹೋಗಿ ಬರುವವರೆಲ್ಲ "ಮೇಲ್ಗಡೆ ಯಾವಾಗ ಕಟ್ಟೀರಿ?" ಎಂದು ಕೇಳುವರು. ಅದೇ ಹೊತ್ತಿಗೆ ಬ್ಯಾಂಕಿನಿಂದ ಫೋನು: ಕಂತು ಚೆನ್ನಾಗಿ ಕಟ್ಟುತ್ತಿದ್ದೀರಿ, ಅದರ ಮೇಲೆ ಇನ್ನೂ ಎಂಟು ಲಕ್ಷ ಕೊಡುತ್ತೇವೆ. ಇವರು ಹಿಗ್ಗಿಹೋದರು. "ಬಾಡ್ಗೆ ಬತ್ತದೆ ಕಣೆ, ಬಾಡ್ಗೇಲೇ ಕಟ್ಕೊಂಡ್ ಓಗ್ಬೋದು."

"ಪತ್ರ ನಿಮ್ದಾ?" ಎಂದೆ.

"ಅಂಗಂದ್ರೆ?"

"ನಿಮ್ಮವ್ವಂದು. ಓಗಿ ಅವ್ರನ್ನೇ ಕೇಳಿ, ಇನ್ನತ್ತು ವರ್ಸ ಟವಲ್ ಆಕ್ಕೊಂಡ್ ಕುಂತಿರಿ ಅಂತ."

ಇವರು ಅವ್ವನನ್ನು ಕೇಳಲು ಹೋಗಲಿಲ್ಲ. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಮೂರನೇ ದಿನ ಅವರೇ ತಾರಸಿ ಹತ್ತಿ, ಇನ್ನಷ್ಟು ತುಕ್ಕು ಹಿಡಿಯದೆ ಕಾದಿರಲಿ ಎಂದು ಕಬ್ಬಿಣಕ್ಕೆ ಸಿಮೆಂಟಿನ ಹಾಲು ಬಳಿದು ಕೆಳಗಿಳಿದರು. ಒಳ್ಳೆಯ ಮನುಷ್ಯ, ಸ್ವಲ್ಪ ನಿಧಾನ ಅಷ್ಟೆ.

ಏಳನೇ ವರ್ಷ ರೇಷನ್ ಅಂಗಡಿಯಲ್ಲಿ ಒಂದು ತಕರಾರಾಯಿತು. ಅತ್ತೆಯ ಹೆಬ್ಬೆಟ್ಟನ್ನು ಮಿಷನ್ನು ಒಪ್ಪಲಿಲ್ಲ. ಸೆರಗಿಗೆ ಒರೆಸಿ ಒತ್ತಿದರು, ಎಣ್ಣೆ ಸವರಿ ಒತ್ತಿದರು, ಬೇರೆ ಬೆರಳು ಇಟ್ಟರು. ಪ್ರತಿ ಸಲವೂ ಕೆಂಪು ದೀಪ. ಅಂಗಡಿಯವರು, "ಗೆರೆ ಸವೆದೋಗವೆ ಅಜ್ಜಿ" ಎಂದು ನನ್ನ ಫೋನಿಗೆ ಬಂದ ನಂಬರು ಹಾಕಿಕೊಂಡು ಅಕ್ಕಿ ಕೊಟ್ಟರು. ಅತ್ತೆಗೆ ಅದು ದೊಡ್ಡ ಅವಮಾನ. ದಾರಿಯುದ್ದಕ್ಕೂ, "ನಾನ್ ಅಲ್ಲೇ ನಿಂತಿವ್ನಿ, ಮಿಸೀನು ಇಲ್ಲ ಅಂತದಲ್ಲಾ" ಎಂದು ಗೊಣಗಿದರು. ನಾನು ನಕ್ಕುಬಿಟ್ಟೆ. ನನ್ನ ತಲೆ ತುಂಬ ಕೊನೆಯ ಕಂತು ತುಂಬಿತ್ತು, ಬೇರೆ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ಎಂಟನೇ ವರ್ಷ, ಹಬ್ಬಕ್ಕೆ ಇನ್ನು ಮೂರು ವಾರ ಇರುವಾಗ, ಆ ಸಲದ ಕಬ್ಬಿನ ದುಡ್ಡು ಕಟ್ಟಿದ್ದೇ ಸಾಲ ಸೊನ್ನೆಯಾಯಿತು. ಪತ್ರಗಳನ್ನೆಲ್ಲ ಮಂಡ್ಯದ ಕಚೇರಿಯಲ್ಲಿ ಇಟ್ಟಿರುತ್ತಾರೆ, ಪತ್ರದ ಒಡತಿಯೇ ಬರಬೇಕು ಎಂದರು. ಅತ್ತೆ ಬೆಳಗಿನ ಹಾಲು ಕರೆದು, ರೇಷ್ಮೆ ಸೀರೆ ಉಟ್ಟು, ಆ ಹಳೇ ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಮದ್ದೂರಿನಿಂದ ಮಂಡ್ಯದವರೆಗೆ ಬಸ್ಸಿನಲ್ಲಿ ನಾನೇ ಮಾತು. ಹತ್ತು ಅಂದಿದ್ದೆ, ಎಂಟಕ್ಕೇ ತೀರಿಸಿದೆ; ನನ್ನ ಸಂಬಳ, ನನ್ನ ಅರ್ಜಿ, ನನ್ನ ಹಟ. ಅತ್ತೆ ಕಿಟಕಿಯಾಚೆ ನೋಡುತ್ತ "ಊಂ" ಎನ್ನುತ್ತಿದ್ದರು.

ಮಂಡ್ಯದ ಕೌಂಟರಿನಲ್ಲಿದ್ದ ಹೆಣ್ಣುಮಗಳು ಆಧಾರ್ ಕಾರ್ಡು ನೋಡಿ, ಪತ್ರವನ್ನು ಅತ್ತೆಯ ಮುಂದಿಟ್ಟು, ರಸೀದಿಯ ಮೇಲೆ ಹೆಬ್ಬೆಟ್ಟು ಒತ್ತಲು ಮಸಿಯ ಡಬ್ಬಿ ತಳ್ಳಿದಳು. ಅತ್ತೆ ಒತ್ತಿದರು. ಮೂಡಿದ್ದು ಬರೀ ಕಪ್ಪು ಬೊಟ್ಟು. "ಅಜ್ಜಿ, ಗೆರೆನೇ ಬಂದಿಲ್ಲ" ಎಂದು ಇನ್ನೊಂದು ಸಲ ಒತ್ತಿಸಿದಳು. ಎರಡನೆಯದೂ ಹಾಗೇ. ಇಷ್ಟು ದೂರ ಬಂದು ಇದಕ್ಕೂ ನಿಲ್ಲಿಸುತ್ತಾರೇನೋ ಎಂದು ಜಗಳಕ್ಕೆ ಬಾಯಿ ತೆರೆದೆ.

ಅತ್ತೆ ಅಷ್ಟರಲ್ಲಿ ಪತ್ರ ಬಿಡಿಸಿ, ತಮ್ಮ ಫೋಟೊ ಇರುವ ಹಾಳೆ ಹುಡುಕಿದ್ದರು. ಫೋಟೊ ಪಕ್ಕದಲ್ಲಿ ಅವರ ಹಳೇ ಹೆಬ್ಬೆಟ್ಟು. ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ. ಅದರ ಪಕ್ಕ ತಮ್ಮ ಮಸಿ ಹತ್ತಿದ ಬೆರಳು ಹಿಡಿದು ಎರಡನ್ನೂ ನೋಡಿದರು. ಅವರ ಮುಖದಲ್ಲಿ ದುಃಖವೇನೂ ಇರಲಿಲ್ಲ. ಕಳೆದ ವಸ್ತು ಸಿಕ್ಕಿದವರ ಸಂತೋಷವಿತ್ತು.

"ಇಲ್ಲೇ ಅದೆ ನೋಡು ಕಣಮ್ಮಿ ನನ್ ಎಬ್ಬೆಟ್ಟು. ಬ್ಯಾಂಕ್ನಲ್ಲಿ ಮಡಿಕ್ಕೊಂಡು ಕುಂತವ್ರೆ. ಅದ್ಕೇ ಆ ರೇಸನ್ ಮಿಸೀನ್ಗೆ ಸಿಕ್ಕಿಲ್ಲ."

ಕೌಂಟರಿನವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಕೈಯನ್ನು ಹಿಡಿದು ಹೆಬ್ಬೆರಳು ಮುಟ್ಟಿ ನೋಡಿದೆ. ನುಣ್ಣಗಿತ್ತು. ಎಂಟು ವರ್ಷ, ಎರಡು ಹಸು, ದಿನಕ್ಕೆರಡು ಹೊತ್ತು ಹಾಲು ಕರೆದ ಬೆರಳು. ನಾನೇ ತೀರಿಸಿದೆ ಎಂದು ಬಸ್ಸಿನುದ್ದಕ್ಕೂ ಬಡಾಯಿ ಕೊಚ್ಚಿದ್ದ ನನಗೆ ಕಣ್ಣೀರು ಬಂತು, ಅಲ್ಲೇ, ಅಷ್ಟು ಜನರ ಮುಂದೆ.

"ಅಳ್ತೀಯಾಕಮ್ಮಿ? ಸಾಲ ತೀರ್ದೋರು ಅಳ್ತಾರಾ?" ಎಂದು ಅತ್ತೆ ಪತ್ರವನ್ನು ಕವರಿಗೆ ತೂರಿಸಿದರು.

ಗೆರೆ ಮೂಡದಿದ್ದರೆ ಗೊತ್ತಿದ್ದವರೊಬ್ಬರು ಬರೆದುಕೊಟ್ಟರೆ ಸಾಕು ಎಂದು ಆ ಹೆಣ್ಣುಮಗಳು ರಸೀದಿಯನ್ನು ನನ್ನ ಕಡೆ ತಿರುಗಿಸಿದಳು. ಕಣ್ಣೊರೆಸಿಕೊಂಡು, ಆ ಕಪ್ಪು ಬೊಟ್ಟಿನ ಪಕ್ಕದಲ್ಲಿ, "ಇದು ನನ್ನ ಅತ್ತೆಯವರ ಹೆಬ್ಬೆಟ್ಟು, ನಾನು ಬಲ್ಲೆ" ಎಂದು ಬರೆದು ಸಹಿ ಹಾಕಿದೆ.