ಅಂಡಮಾನಿಗೆ ಮೊದಲು ದಾಳಿಂಬೆ ಹೊಂಡ

ಅಂಡಮಾನಿನ ಹವಳದ ದಿಬ್ಬಗಳನ್ನು ದಂಡೆಯ ಮೇಲೆ ನಿಂತು ನೋಡಲಾಗುವುದಿಲ್ಲ. ಕಣ್ಣು ಮೂಗು ಮುಚ್ಚುವ ಕನ್ನಡಕ ಕಟ್ಟಿಕೊಂಡು, ಬಾಯಲ್ಲಿ ಉಸಿರಿನ ನಳಿಗೆ ಕಚ್ಚಿಕೊಂಡು ನೀರಿನ ಮೇಲೆ ಬೋರಲು ಮಲಗಬೇಕು. ಅದಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆ. ನಾನು ಬಿಳೂರಿನ ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ಹವಳದ ಪಾಠ ಮಾಡಿದವಳು, ಸಮುದ್ರ ಕಂಡವಳಲ್ಲ. ಈ ಸಲ ಶಾಲೆಯ ದೀಪಾವಳಿ ಸೂಟಿಯಲ್ಲಿ ಅಂಡಮಾನಿಗೆ ಹೋಗಲೇಬೇಕೆಂದು ಹಟ ಹಿಡಿದೆ.

"ನಿನಗ ಈಸಾಕ ಬರೂದಿಲ್ಲ. ಅವ್ವ ಹೂಂ ಅಂದ್ರ ಟಿಕೀಟ ತಗಸ್ತೀನಿ," ಎಂದರು ನಮ್ಮವರು. ಇಲ್ಲ ಎನ್ನುವ ಕೆಲಸವನ್ನು ತಾಯಿಗೆ ವಹಿಸಿ ತಾವು ಒಳ್ಳೆಯವರಾಗಿ ಉಳಿಯುವುದು ಅವರ ಹಳೆಯ ರೂಢಿ.

ನನ್ನ ಅತ್ತೆ ಹರೆಯದಲ್ಲಿ ಕುರಿಹಿಂಡಿನ ಹಿಂದೆ ಜಿಲ್ಲೆ ಜಿಲ್ಲೆ ನಡೆದವರು. ಅವರು ಸುಲಭಕ್ಕೆ ಇಲ್ಲ ಎನ್ನುವವರೂ ಅಲ್ಲ, ಹೂಂ ಎನ್ನುವವರೂ ಅಲ್ಲ. "ಮೊದಲ ಇಲ್ಲೆ ಕಲಿ. ಆಮ್ಯಾಲ ನೋಡೂಣು," ಎಂದರು.

ಇಲ್ಲಿ ಎಂದರೆ ನಮ್ಮ ದಾಳಿಂಬೆ ಗಿಡಗಳಿಗೆಂದು ತೋಡಿ, ಕರಿ ಪ್ಲಾಸ್ಟಿಕ್ ಹಾಸಿದ ಹೊಂಡ. ನಮ್ಮ ಕಡೆ ಈಜು ಕಲಿಯುವವರು ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಳ್ಳುತ್ತಾರೆ. ನಾನು ಚಿಕ್ಕವಳಿದ್ದಾಗ ಬಾವಿಯಲ್ಲಿ ಗಂಡುಮಕ್ಕಳಿಗೆ ಮಾತ್ರ ಆ ಭಾಗ್ಯವಿತ್ತು. ಹೀಗಾಗಿ ಐವತ್ತು ದಾಟಿದ ಮೇಲೆ ಚೂಡಿದಾರದ ಮೇಲೆ ಡಬ್ಬಿ ಕಟ್ಟಿಕೊಂಡು ನೀರಿಗಿಳಿದೆ. ನನ್ನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ನಮ್ಮವರು ದಂಡೆಯ ಮೇಲೆ ಕುಂತರು.

"ಈಸಾಕತ್ತೀಯೋ, ಹೊಂಡ ಖಾಲಿ ಮಾಡಾಕತ್ತೀಯೋ?"

ಅವರು ಈಜಿದ್ದನ್ನು ನಾನಂತೂ ಕಣ್ಣಾರೆ ಕಂಡಿಲ್ಲ.

ಬಾಯಿಂದ ಉಸಿರಾಡುವುದು ರೂಢಿಯಾಗಲೆಂದು ಮನೆಯಲ್ಲೂ ಕನ್ನಡಕ, ನಳಿಗೆ ಹಾಕಿಕೊಂಡೇ ರೊಟ್ಟಿ ಬಡಿಯತೊಡಗಿದೆ. ಅತ್ತೆ ಅದನ್ನು ನಾಕು ದಿನ ಸುಮ್ಮನೆ ನೋಡಿದರು. ಐದನೆಯ ದಿನ ಒಂದು ಬುಟ್ಟಿ ಉಳ್ಳಾಗಡ್ಡಿ ತಂದು ನನ್ನ ಮುಂದಿಟ್ಟರು. "ಹೆಂಗೂ ಕಣ್ಣ ಕಟ್ಟೀದಿ. ಹೆಚ್ಚಿ ಬಿಡು."

ಕೊನೆಗೊಂದು ರವಿವಾರ ಡಬ್ಬಿ ಬಿಚ್ಚಿಟ್ಟು, ಕನ್ನಡಕ ಕಟ್ಟಿಕೊಂಡು ನೀರಿನ ಮೇಲೆ ಬೋರಲು ಮಲಗಿದೆ. ನೀರು ನನ್ನನ್ನು ಹೊತ್ತುಕೊಂಡಿತು. ಉಸಿರು ತಾನಾಗಿ ಹೋಗಿ ಬಂತು. ಕೆಳಗೆ ಮೈದುನ ತಂದು ಬಿಟ್ಟಿದ್ದ ಮೀನಮರಿಗಳು ಹಾಸಿದ ಪ್ಲಾಸ್ಟಿಕ್ಕಿನ ಮಡಿಕೆಗಳ ನಡುವೆ ನುಸುಳಾಡುತ್ತಿದ್ದವು. ನನಗೆ ಆದ ಸಂತೋಷ ಹೇಳತೀರದು. ಕೈಕಾಲು ಆಡಿಸಿದರೆ ಎಲ್ಲಿ ಮುಗಿದುಹೋಗುತ್ತದೋ ಎಂದು ಮೈ ಸಡಿಲ ಬಿಟ್ಟು ಸುಮ್ಮನೆ ಬಿದ್ದುಕೊಂಡೆ. ಆಗಲೇ ನಮ್ಮವರಿಗೆ ಫೋನು ಬಂದಿತ್ತಂತೆ. ಹಗ್ಗವನ್ನು ಗೂಟಕ್ಕೆ ಕಟ್ಟಿ, ರೇಂಜು ಹುಡುಕುತ್ತ ಬೇವಿನ ಗಿಡದತ್ತ ಹೋಗಿದ್ದರು.

ಅದೇ ಹೊತ್ತಿಗೆ ಸನಮಡಿ ಊರಿನ ಕುರಿ ಕಾಯುವವರೊಬ್ಬರು ಹಿಂಡು ಹೊಡೆದುಕೊಂಡು ಆ ಹಾದಿಯಲ್ಲಿ ಬಂದರು. ನಮ್ಮ ಬಯಲುಸೀಮೆಯಲ್ಲಿ ಖುಷಿಗೆಂದು ಯಾರೂ ನೀರಿನ ಮೇಲೆ ಬೋರಲು ಬಿದ್ದಿರುವುದಿಲ್ಲ. ಹಾಗೆ ಬಿದ್ದಿದ್ದರೆ ಅದಕ್ಕೆ ಒಂದೇ ಅರ್ಥ. ಅವರು ಕಂಬಳಿ ಅತ್ತ ಎಸೆದು ಓಡಿ ಬಂದು, ಕುರಿಗಳಿಗೆ ಜಾಲಿ ಟೊಂಗೆ ಬಗ್ಗಿಸುವ ಉದ್ದನೆಯ ಕೊಕ್ಕೆಯನ್ನು ನನ್ನ ಕೊರಳಪಟ್ಟಿಗೆ ಸಿಕ್ಕಿಸಿ ಎಳೆದರು. ನಳಿಗೆ ಜಾರಿತು, ನೀರು ಕುಡಿದೆ, ಕೆಮ್ಮುತ್ತ ಎದ್ದೆ. ಗಾಜು, ರಬ್ಬರು ಕಟ್ಟಿದ ನನ್ನ ಮೋರೆ ಕಂಡು ಅವರು ಅಲ್ಲೇ ಕುಸಿದು ಕುಂತರು.

"ಅಕ್ಕೋರ, ಜೀವ ಐತೇನ್ರಿ?"

"ಇದ್ದದ್ದಕ್ಕ ಕೆಮ್ಮಾಕತ್ತೀನ್ರಿ," ಎಂದೆ. ಸಿಟ್ಟು ನೆತ್ತಿಗೇರಿತ್ತು. ಆದರೆ ಅವರು ಓಡಿ ಬಂದದ್ದು ನನ್ನ ಜೀವ ಉಳಿಸಲೆಂದಲ್ಲವೇ ಎನಿಸಿ ಮನೆಗೆ ಕರೆದು ಚಹಾ ಕೊಟ್ಟೆ.

ಚಹಾ ಕುಡಿದು ಹೋದವರು ಸುದ್ದಿಯನ್ನೂ ಒಯ್ದರು. ಸಂಜೆಯೊಳಗೆ ಸೋನ್ಯಾಳದಿಂದ ನನ್ನ ಚಿಕ್ಕಮ್ಮನ ಫೋನು ಬಂತು. ಫೋನು ಎತ್ತಿದವರು ಅತ್ತೆ. "ನಮ್ಮ ಹುಡಿಗಿ ನೀರಿಗಿ ಬೀಳೂವಂಥಾದ್ದು ಏನ ಅಂದ್ರಿ?" ಎಂದು ಚಿಕ್ಕಮ್ಮ ನೇರವಾಗಿ ಕೇಳಿದಳಂತೆ.

ಅತ್ತೆ ಫೋನನ್ನು ಗೋಡೆಯ ಗೂಡಿನಲ್ಲಿಟ್ಟರು. "ಅತ್ತಿ ಕಾಟಕ್ಕ ಸೊಸಿ ನೀರಿಗಿ ಬಿದ್ದಳು ಅಂತ ಊರೆಲ್ಲ ಆತು. ಅಂಡಮಾನನೂ ಬ್ಯಾಡ, ಸುಡಗಾಡನೂ ಬ್ಯಾಡ." ಆ ರಾತ್ರಿ ಅವರು ಊಟ ಮಾಡಲಿಲ್ಲ. ನಾನು ಅಡುಗೆಮನೆಯಲ್ಲಿ ಕುಂತು ಕಣ್ಣೀರು ಸುರಿಸಿದೆ. ಆಗ ಕಣ್ಣಿಗೆ ಯಾವ ಕನ್ನಡಕವೂ ಇರಲಿಲ್ಲ.

ಮರುದಿನ ಮುಂಜಾನೆ ಅವರ ಮುಂದೆ ಹೋಗಿ ನಿಂತೆ. "ನಾ ಅಲ್ಲಿ ಏನ ನೋಡತೀನಿ ಅಂತ ಒಮ್ಮಿ ನೋಡ್ರಿ. ಆಮ್ಯಾಲ ಬ್ಯಾಡ ಅನ್ರಿ."

ಗೊಣಗುತ್ತಲೇ ಬಂದರು. ಸೆರಗು ಬಿಗಿದು ಹೊಂಡದ ಇಳಿಜಾರಿನಲ್ಲಿ ಬೋರಲಾದರು. ನಾನೂ ನಮ್ಮವರೂ ಎರಡೂ ಕಡೆ ಗಟ್ಟಿಯಾಗಿ ಹಿಡಿದೆವು. ಕನ್ನಡಕ ಕಟ್ಟಿದ ಮುಖವನ್ನು ನೀರಿಗೆ ಹಚ್ಚಿದವರು ಎಷ್ಟು ಹೊತ್ತಾದರೂ ಎತ್ತಲಿಲ್ಲ. ನಳಿಗೆಯಿಂದ ಉಸಿರಿನ ಸಪ್ಪಳ ಮಾತ್ರ ಬರುತ್ತಿತ್ತು. ನಮ್ಮವರು ಹೆದರಿ "ಅವ್ವಾ" ಎಂದರೆ, ಸುಮ್ಮನಿರು ಎಂಬಂತೆ ಒಂದು ಕೈ ಆಡಿಸಿದರು.

ಕಡೆಗೆ ಎದ್ದು ಕುಂತು ಕನ್ನಡಕ, ನಳಿಗೆ ಬಿಚ್ಚಿದರು. ಮುಖದಿಂದ ನೀರು ಇಳಿಯುತ್ತಿತ್ತು.

"ಬುದ್ಧಿ ಬಂದಾಗಿಂದ ನೀರ ಹೊತ್ತೀನಿ," ಎಂದರು. "ಒಳಗ ಹಣಿಕಿ ಹಾಕಿದ್ದ ಇಲ್ಲ ನೋಡು." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು, "ಅಲ್ಲಿ ಮೀನ ಬಣ್ಣಬಣ್ಣದ್ದು ಇರತಾವು ಅಂದಿದ್ದಿಯಲ್ಲ?"

"ಹೌದ್ರಿ."

ಕನ್ನಡಕ ಇಸಿದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ, ಮಗನ ಕಡೆ ತಿರುಗಿದರು.

"ಟಿಕೀಟ ಮೂರ ತಗಸು. ಮತ್ತ ಆ ಸನಮಡಿಯವಗ ಫೋನ ಹಚ್ಚು. ಇವತ್ತೊಂದ ದಿನ ಈ ಕಡೆ ಕುರಿ ತರಬ್ಯಾಡ ಅನ್ನು."

ಹಾಗೆಂದು ಕನ್ನಡಕ ಕಟ್ಟಿಕೊಂಡು ಮತ್ತೆ ನೀರಿಗೆ ಮುಖ ಹಚ್ಚಿದರು.