ಪಲ್ಲವಿ ತೊದಲಿದ ಹೊತ್ತು

ಕೊರೋನಾ ನಿರ್ಬಂಧಗಳು ತೆರವಾದ ಮರುವರ್ಷ ನಾನು ಕನ್ನಡ ದಿನಪತ್ರಿಕೆಯೊಂದರ ಹೈದರಾಬಾದ್ ವರದಿಗಾರನಾಗಿದ್ದೆ. ಕಚೇರಿ ಎಂದರೆ ಮೆಹದಿಪಟ್ಟಣಂನಲ್ಲಿ ಬಸ್ ನಿಲ್ದಾಣಕ್ಕೆ ಕಿವಿಗೊಟ್ಟಂತಿದ್ದ ಒಂದು ಕೋಣೆ. ವಿಧಾನಸಭೆ, ನದಿ ನೀರಿನ ತಕರಾರು, ಅಪಘಾತ, ಅಪರಾಧ ಇವು ನನ್ನ ದಿನದ ಕೆಲಸ. ರಂಗಗೀತೆ ನನ್ನ ಭಾನುವಾರದ ಕೆಲಸ.

ಊರಿನ ಕನ್ನಡಿಗರ ಸಣ್ಣ ಗುಂಪೊಂದು ತಿಂಗಳಿಗೊಮ್ಮೆ ಸೇರುತ್ತಿತ್ತು. ಊರೂರು ಟೆಂಟು ಹೊಡೆದು ಆಡುತ್ತಿದ್ದ ಕಂಪನಿ ನಾಟಕಗಳ ಒಂದು ಹಾಡನ್ನು ಆರಿಸಿಕೊಳ್ಳುವುದು, ಅದನ್ನು ಸಾಲು ಸಾಲಾಗಿ ಬಿಡಿಸಿ ಮಾತಾಡುವುದು. ಹಾಡು ಯಾರ ಬಾಯಲ್ಲಿದೆ, ಮಾತು ಬಿಟ್ಟು ಅವರು ಅಲ್ಲಿಯೇ ಯಾಕೆ ಹಾಡಿದರು, ರಾಗ ಎಲ್ಲಿ ತಿರುಗಿತು, ಯಾಕೆ ತಿರುಗಿತು. ಬರುವವರಲ್ಲಿ ಅರ್ಧ ಜನ ಕಲಬುರಗಿ, ರಾಯಚೂರು ಕಡೆಯ ವ್ಯಾಪಾರಸ್ಥರು, ಬ್ಯಾಂಕ್ ನೌಕರರು. ಇನ್ನರ್ಧ ಕೊಂಡಾಪುರ, ಮಾದಾಪುರದ ಐಟಿ ಹುಡುಗ ಹುಡುಗಿಯರು. ಮಾತುಕತೆ ನಡೆಸಿಕೊಡುವ ಕೆಲಸ ನನ್ನದು.

ಆ ತಿಂಗಳು ನಾವು ಆರಿಸಿಕೊಂಡದ್ದು ಒಂದು ಸಾವಿನ ಹಾಡು. ಅದನ್ನು ಹಾಡಲು ಒಪ್ಪಿದವರು ಚಂದ್ರಾಬಾಯಿ. ಯೌವನವನ್ನೆಲ್ಲ ನಾಟಕ ಕಂಪನಿಯಲ್ಲಿ ರಾಣಿಯಾಗಿ ಕಳೆದವರು, ಅರವತ್ತೆಂಟು ದಾಟಿತ್ತು. ಗಂಡ ಈರಪ್ಪ ಮಾಸ್ತರರು ಅದೇ ಕಂಪನಿಯ ಪೇಟಿ ಮಾಸ್ತರರು, ಅಂದರೆ ಹಾರ್ಮೋನಿಯಂ ನುಡಿಸುವವರು. ಮಗಳು ಸಾವಿತ್ರಿ ಮೆಹದಿಪಟ್ಟಣಂನಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದಳು. ಮೂವರೂ ಅದರ ಮಹಡಿಯಲ್ಲೇ ಇದ್ದರು.

ಹಿಂದಿನ ಗುರುವಾರ ನಾನು ಅವರ ಮನೆಗೆ ಹೋಗಿ ಹಾಡಿನ ಸಂದರ್ಭ ಕೇಳಿಕೊಂಡೆ. ಶತ್ರುವಿನ ಕೈಗೆ ಸಿಗಬಾರದೆಂದು ರಾಣಿ ವಿಷ ಕುಡಿದಿದ್ದಾಳೆ. ದಾಸಿ ಬಂದು ಮಗುವನ್ನು ಹಿಂಬಾಗಿಲಿಂದ ಒಯ್ಯುವ ತನಕ ಅದು ಎಚ್ಚರಾಗಿ ಅಳುವಂತಿಲ್ಲ. ಹಾಗಾಗಿ ತೊಟ್ಟಿಲು ತೂಗುತ್ತ ಹಾಡುತ್ತಾಳೆ. ಪಲ್ಲವಿ ಹೀಗಿತ್ತು:

ನಿದ್ರಿಸು ಪುತ್ರಾ ನಿಶ್ಚಿಂತೆಯಲಿ
ತೊಟ್ಟಿಲ ಹಗ್ಗಕೆ ದಣಿವಿಲ್ಲ

ಚರಣದಲ್ಲಿ ರಾಣಿ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಕಣ್ಣಿಗೆ ಬೈಗಿನ ಮಬ್ಬು ಕವಿಯಿತು, ಕಾಲಿಗೆ ನೆಲ ತಿಳಿಯದು ಎಂದು. ಅಲ್ಲಿ ನಾಲಿಗೆ ತೊದಲಬೇಕು, ಉಸಿರು ಕಡಿಯಬೇಕು. ಅದೇ ಅಭಿನಯ.

"ಪಲ್ಲವಿಯಲ್ಲೂ ಒಂದಿಷ್ಟು ತೊದಲಿದರೆ ಇನ್ನೂ ಪರಿಣಾಮ ಆಗುವುದಿಲ್ಲವೇ?" ಎಂದು ಕೇಳಿದೆ.

ಚಂದ್ರಾಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ವಿಷ ಕುಡದಾಕಿ ನಾನ್ರಿ, ಕೂಸಲ್ಲ. ಧ್ವನಿ ನಡುಗಿದ್ರ ಕೂಸು ಏಳತೈತಿ. ಎದ್ರ ನಾಟಕ ಮುಗೀತು. ಚರಣದಾಗ ಎಷ್ಟರೆ ಸಾಯಿ, ಪಲ್ಲವಿಗೆ ಬಂದ್ರ ನಾಲಿಗಿ ತೊಳದಿಟ್ಟಂಗ ಇರಬೇಕು."

"ಆಕಿ ಸಾಯೂದ್ರಾಗ ಭಾಳ ಶಿಸ್ತಿನಾಕಿ" ಎಂದರು ಮಾಸ್ತರರು ಪೇಟಿಯ ಧೂಳು ಒರೆಸುತ್ತ. "ಬದುಕೂದ್ರಾಗ ಇಲ್ಲ."

"ನಿಮ್ಮ ಪೇಟಿ ಕೇಳಿಕೋತ ನಲವತ್ತು ವರ್ಷ ಬದುಕೀನಲ್ಲ, ಅದ ದೊಡ್ಡದು" ಎಂದು ಆಕೆ ತಿರುಗಿಸಿ ಕೊಟ್ಟರು.

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಹಾಡುವ ದಿನ ಮುಂಜಾನೆ ಒಂದು ಸಲ ತಾಲೀಮು ಮಾಡುತ್ತೇನೆ, ಅದಾದ ಮೇಲೆ ಹಾಡು ಮುಗಿಯುವ ತನಕ ಯಾರೊಂದಿಗೂ ಮಾತಾಡುವುದಿಲ್ಲ, ಕಂಪನಿಯಲ್ಲಿ ಕಲಿತ ರೂಢಿ, ಸಿಟ್ಟಾಗಬೇಡಿ ಎಂದು. ಆ ಮೌನ ಮೂರು ದಿನ ಬಿಟ್ಟು ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ಊಹಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಭಾನುವಾರ ಬೆಳಗ್ಗೆ ಸಭಾಂಗಣ ತುಂಬಿತ್ತು. ಚಂದ್ರಾಬಾಯಿ ಮೆಟ್ಟಿಲು ಹತ್ತಿ ಬಂದು ಕೈ ಮುಗಿದು ಕುಳಿತರು, ಮಾತಿಲ್ಲ. ನಾನು ಹಾಡನ್ನು ಬಿಡಿಸಿ ಹೇಳಿದೆ. ಮಾದಾಪುರದ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮೈಸೂರಿನ ಅನುಷಾ ಮೊದಲ ಸಾಲಿನಲ್ಲಿದ್ದಳು. ಪ್ರತಿ ಸಲದಂತೆ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದಳು.

ಆಮೇಲೆ ಹಾಡು. ಚರಣದಲ್ಲಿ ಆಕೆಯ ನಾಲಿಗೆ ತೊದಲಿತು, ಉಸಿರು ಕಡಿಯಿತು. ಪಲ್ಲವಿಗೆ ಮರಳಿದಾಗ ಒಂದೊಂದು ಅಕ್ಷರವೂ ಗಾಜಿನಂತೆ ಸ್ವಚ್ಛ. ಕೊನೆಗೆ ರಾಣಿಯ ತಲೆ ವಾಲಿತು. ಬಳಿಕ ಹಿಂದಿನ ಸಾಲಿನಿಂದ ಕೂಗು: "ಒನ್ಸ್ ಮೋರ್!"

ಕಂಪನಿ ನಾಟಕ ಕಾಣದವರಿಗೆ ಇದು ವಿಚಿತ್ರ ಅನ್ನಿಸಬಹುದು. ಹಾಡು ಮೆಚ್ಚಿದರೆ ಪ್ರೇಕ್ಷಕರು ಒನ್ಸ್ ಮೋರ್ ಕೇಳುತ್ತಾರೆ, ನಟರು ಮತ್ತೆ ಹಾಡಬೇಕು. ಸಾವಿನ ಹಾಡಿಗೂ ವಿನಾಯಿತಿಯಿಲ್ಲ. ಸತ್ತವರು ಎದ್ದು ಕುಳಿತು, ಹಾಡಿ, ಮತ್ತೆ ಸಾಯುತ್ತಾರೆ. ಚಂದ್ರಾಬಾಯಿ ಕಣ್ಣು ತೆರೆದು ನಕ್ಕರು. ಮಾಸ್ತರರಿಗೆ ಕೈಸನ್ನೆ ಮಾಡಿದರು. ಪೇಟಿ ಶುರುವಾಯಿತು.

ಎರಡನೆಯ ಸಲದ ಮೊದಲ ಪಲ್ಲವಿ ಸರಿಯಾಗಿಯೇ ಬಂತು. ಚರಣ ಮೊದಲಿಗಿಂತ ಗಾಢವಾಗಿತ್ತು. ಮತ್ತೆ ಪಲ್ಲವಿಗೆ ಬಂದಾಗ ಆಕೆ ತೊದಲಿದರು. "ನಿದ್ದಿಸು ಪುತ್ತಾ" ಎಂದು ಕೇಳಿಸಿತು.

ಸಭೆ ಪುಳಕಗೊಂಡಿತು. ನನ್ನ ಪಕ್ಕದಲ್ಲಿದ್ದ ಬೇಗಂ ಬಜಾರಿನ ಬಟ್ಟೆ ವ್ಯಾಪಾರಿ ತೊಡೆ ತಟ್ಟಿಕೊಂಡು, "ಭಲೆ! ಈ ಸಲ ವಿಷ ಪಲ್ಲವಿಗೂ ಏರಿಸ್ಯಾಳ ನೋಡ್ರಿ!" ಎಂದರು. ಚಪ್ಪಾಳೆ ಬಿತ್ತು. ಇನ್ನೊಂದು ಒನ್ಸ್ ಮೋರ್ ಕೂಗು ಕೇಳಿಸಿತು.

ಆಗ ಪೇಟಿ ನಿಂತಿತು.

ಕಂಪನಿಯಲ್ಲಿ ಟೆಂಟು ಹಾರಿದರೂ ಪೇಟಿ ನಿಲ್ಲುವುದಿಲ್ಲ ಎಂದು ಮಾಸ್ತರರು ಹೆಮ್ಮೆಯಿಂದ ಹೇಳುತ್ತಿದ್ದರು. ಅವರು ಎರಡೂ ಕೈ ಎತ್ತಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. "ಚಂದ್ರಾ, ಹಂಗ ಹಾಡಬಾರದು" ಎಂದರು. ಆಕೆಯ ತುಟಿಯ ಬಲತುದಿ ಜೋತುಬಿದ್ದಿತ್ತು.

ಅನುಷಾ ಅಷ್ಟರಲ್ಲಿ ವೇದಿಕೆ ಹತ್ತಿದ್ದಳು. ಅವಳ ಕಚೇರಿಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟಿದ್ದರಂತೆ. "ಅಮ್ಮಾ, ಒಂದ್ಸಲ ನಗಿ. ಎರಡೂ ಕೈ ಎತ್ತಿ" ಎಂದಳು. ನಗು ಒಂದೇ ಬದಿಗೆ ಬಂತು. ಎಡಗೈ ಎದ್ದಿತು. ಬಲಗೈ ತೊಡೆಯ ಮೇಲೆಯೇ ಇತ್ತು. ಹಿಂದಿನ ಸಾಲಿನಲ್ಲಿ ಇನ್ನೂ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಹಲವು ಅಪಘಾತಗಳ ಸ್ಥಳಕ್ಕೆ ಹೋಗಿ ಬಂದವನು ನಾನು. ಆ ಚಪ್ಪಾಳೆಯಂಥ ಸದ್ದನ್ನು ಎಲ್ಲಿಯೂ ಕೇಳಿರಲಿಲ್ಲ.

ಬಟ್ಟೆ ವ್ಯಾಪಾರಿಯ ಕಾರಿನಲ್ಲಿ ಹತ್ತಿರದ ಆಸ್ಪತ್ರೆ ಮುಟ್ಟಿದೆವು. ಸಾವಿತ್ರಿ ಖಾನಾವಳಿಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬಂದ ಸ್ಟ್ರೋಕ್ ಇದು ಎಂದರು ಕರ್ತವ್ಯದಲ್ಲಿದ್ದ ಯುವ ವೈದ್ಯರು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡಬಹುದು. ತಡವಾದ ಮೇಲೆ ಕೊಟ್ಟರೆ ಮೆದುಳಿನಲ್ಲಿ ರಕ್ತ ಸೋರಿ ಜೀವವೇ ಹೋಗಬಹುದು. ಆದ್ದರಿಂದ ಅವರ ಮೊದಲ ಪ್ರಶ್ನೆ: ಕೊನೆಯ ಸಲ ಇವರು ಪೂರ್ತಿ ಸರಿಯಾಗಿದ್ದದ್ದು ಯಾವಾಗ?

"ಹನ್ನೆರಡು ಗಂಟೆಯ ತನಕ ಸರಿಯಿದ್ದರು" ಎಂದೆ.

ಸಾವಿತ್ರಿ ಅಳತೊಡಗಿದಳು. "ಇಲ್ರಿ ಡಾಕ್ಟರ್ ಸಾಬ್. ಮುಂಜಾನಿ ಏಳಕ್ಕೂ ಅವ್ವನ ನಾಲಿಗಿ ತೊದಲಾಕತ್ತಿತ್ತು. ನಾ ಕೆಳಗ ಅಡಗಿಮನ್ಯಾಗ ಕೇಳಿದೆ. ತಾಲೀಮು ಅನ್ಕೊಂಡೆ. ಆಮ್ಯಾಲ ಚಹಾದ ಲೋಟಾನೂ ಕೈಯಿಂದ ಜಾರಿತ್ತು." ಅದನ್ನೇ ಹಿಂದಿಯಲ್ಲಿ ಮತ್ತೆ ಹೇಳಿದಳು.

ವೈದ್ಯರ ಕೈಯಲ್ಲಿದ್ದ ಪೆನ್ನು ನಿಂತಿತು. ಏಳಕ್ಕೆ ಶುರುವಾಗಿದ್ದರೆ ಅವಧಿ ಆಗಲೇ ಮುಗಿದಿತ್ತು.

"ಮುಂಜಾನೆಯ ನಂತರ ಇವರ ಮಾತು ಕೇಳಿದವರು ಯಾರು?" ಎಂದರು.

ಯಾರೂ ಇರಲಿಲ್ಲ. ಮೌನವ್ರತ. ಐದು ಗಂಟೆಗಳಲ್ಲಿ ಆ ಬಾಯಿಂದ ಬಂದದ್ದು ಹಾಡು ಮಾತ್ರ. ಆ ಹಾಡಿನ ಅರ್ಧ ಭಾಗ ತೊದಲಲೆಂದೇ ಕಟ್ಟಿದ್ದು.

ಅನುಷಾ ಮೊಬೈಲು ತೆಗೆದು ಮೊದಲ ಸಲದ ಹಾಡನ್ನು ಹಚ್ಚಿದಳು. ಗಡಿಬಿಡಿಯಲ್ಲಿ ಅದು ಚರಣದಿಂದ ಶುರುವಾಯಿತು. ವೈದ್ಯರು ಕೇಳಿ ತಲೆಯಾಡಿಸಿದರು. "ಇಲ್ಲೂ ತೊದಲುತ್ತಿದ್ದಾರೆ. ಇದು ನಿಮ್ಮ ಹನ್ನೆರಡಕ್ಕಿಂತ ಮೊದಲಿನದಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು.

ಈರಪ್ಪ ಮಾಸ್ತರರು ಗೋಡೆ ಬಿಟ್ಟು ಮುಂದೆ ಬಂದರು. "ಓ ಜಹರ್ ಹೈ, ಸಾಬ್. ನಾಟಕ್ ಕಾ ಜಹರ್. ಆಗೇ ಸುನೋ. ಪಲ್ಲವಿ ಸುನೋ" ಎಂದರು. ಅದು ನಾಟಕದ ವಿಷ, ಮುಂದೆ ಪಲ್ಲವಿ ಕೇಳಿ ಎಂದು.

ನಾನು ನನಗೆ ಬರುವ ತೆಲುಗಿನಲ್ಲಿ ಹಾಡಿನ ರಚನೆ ವಿವರಿಸಿದೆ. ಬೆಳಗ್ಗೆ ಸಭೆಗೆ ಹೇಳಿದ್ದನ್ನೇ ತುರ್ತು ಚಿಕಿತ್ಸಾ ಘಟಕದ ಬಾಗಿಲಲ್ಲಿ ನಿಂತು ಹೇಳಿದೆ: ಚರಣದಲ್ಲಿ ರಾಣಿ ಸಾಯುತ್ತಾಳೆ, ಪಲ್ಲವಿಯಲ್ಲಿ ಮಗು ಮಲಗಿರುತ್ತದೆ; ಪಲ್ಲವಿಯಲ್ಲಿ ಈಕೆ ಬೇಕೆಂದು ತೊದಲುವುದಿಲ್ಲ. ಅನುಷಾ ಮುಂದಕ್ಕೆ ಒತ್ತಿದಳು. "ನಿದ್ರಿಸು ಪುತ್ರಾ ನಿಶ್ಚಿಂತೆಯಲಿ."

ವೈದ್ಯರು ಕತ್ತೆತ್ತಿದರು. "ನಿದ್ರ, ಪುತ್ರ. ಮನ ತೆಲುಗುಲೋ ಕೂಡಾ ಉನ್ನಾಯಿ ಕದಾ" ಎಂದರು. ನಮ್ಮ ತೆಲುಗಿನಲ್ಲೂ ಇವೆಯಲ್ಲ ಎಂದು. ಇನ್ನೊಮ್ಮೆ ಹಾಕಿಸಿ, ಮೊಬೈಲನ್ನು ಕಿವಿಗೆ ಹಿಡಿದು ಆ ಎರಡು ಪದಗಳಿಗಾಗಿ ಕೇಳಿದರು. ಬಳಿಕ ಎರಡನೆಯ ಸಲದ್ದು. ಮೊದಲ ಪಲ್ಲವಿ: ನಿದ್ರಿಸು ಪುತ್ರಾ. ಚರಣ. ಮುಂದಿನ ಪಲ್ಲವಿ: ನಿದ್ದಿಸು ಪುತ್ತಾ.

ಅದರ ಬೆನ್ನಿಗೇ ಮೊಬೈಲಿನಿಂದ ಚಪ್ಪಾಳೆ ಕೇಳಿತು. ಒನ್ಸ್ ಮೋರ್, ಒನ್ಸ್ ಮೋರ್. ವೈದ್ಯರು ನಮ್ಮ ಮುಖ ನೋಡಿದರು. "ಇವರೆಲ್ಲ ಯಾಕೆ ಚಪ್ಪಾಳೆ ತಟ್ಟುತ್ತಿದ್ದಾರೆ?"

ಬಟ್ಟೆ ವ್ಯಾಪಾರಿ ತಲೆ ತಗ್ಗಿಸಿ ಹೊರಗೆ ಹೋದರು.

ಧ್ವನಿಮುದ್ರಣ ಶುರುವಾದ ಸಮಯ ಮೊಬೈಲಿನಲ್ಲಿತ್ತು. ಲೆಕ್ಕ ಹಾಕಿದರೆ ಪಲ್ಲವಿ ತೊದಲಿದ್ದು ಹನ್ನೆರಡೂ ಹತ್ತಕ್ಕೆ. ಅದಾಗಿ ಇನ್ನೂ ಒಂದು ತಾಸು ಕಳೆದಿರಲಿಲ್ಲ. ವೈದ್ಯರು ಹಿರಿಯ ತಜ್ಞರಿಗೆ ಕರೆ ಮಾಡಿ, ಸ್ಕ್ಯಾನ್ ಚಿತ್ರಗಳನ್ನು ಇನ್ನೊಮ್ಮೆ ನೋಡಿ ಬಂದರು. ಹಾಡೊಂದನ್ನೇ ನಂಬಿ ನಿರ್ಧರಿಸುತ್ತಿಲ್ಲ, ಸ್ಕ್ಯಾನೂ ಹೊಸ ಸ್ಟ್ರೋಕ್ ಎಂದೇ ಹೇಳುತ್ತಿದೆ, ಆದರೆ ಹಾಡು ಇಲ್ಲದಿದ್ದರೆ ಮುಂಜಾನೆಯ ಅನುಮಾನ ಉಳಿಯುತ್ತಿತ್ತು ಎಂದು ಸ್ಪಷ್ಟವಾಗಿ ಹೇಳಿದರು. ಅಪಾಯ ಇದ್ದೇ ಇದೆ, ಒಪ್ಪಿಗೆಯೇ ಎಂದು ಕೇಳಿದರು.

ಸಾವಿತ್ರಿ ಅಪ್ಪನನ್ನು ನೋಡಿದಳು. "ಲೋಟಾ ಜಾರಿದ್ದು?"

"ಆಕಿ ಕೈಯಾಗಿಂದ ಲೋಟಾ ಜಾರದ ದಿನಾ ಯಾವದೈತಿ ಹೇಳವ್ವಾ? ಮದಿವ್ಯಾದಾಗಿಂದ ನೋಡಾಕತ್ತೀನಿ" ಎಂದರು ಮಾಸ್ತರರು. ವೈದ್ಯರತ್ತ ತಿರುಗಿ, "ದೇದೋ ಸಾಬ್, ಇಂಜೆಕ್ಷನ್" ಎಂದರು.

ಕೊಟ್ಟರು. ಸಂಜೆಯ ಹೊತ್ತಿಗೆ ಬಲಗೈಯ ಬೆರಳುಗಳು ಅಲುಗಿದವು. ಅದೇ ಸಂಜೆ ಪತ್ರಿಕೆಯ ಡೆಸ್ಕಿನಿಂದ ನನಗೆ ಕರೆ ಬಂತು. ಹಿರಿಯ ಕಲಾವಿದೆ, ಯಾವುದಕ್ಕೂ ಒಂದು ಶ್ರದ್ಧಾಂಜಲಿ ಬರಹ ಸಿದ್ಧವಿರಲಿ ಎಂದು. ಅದು ನಮ್ಮ ವೃತ್ತಿಯ ರೂಢಿ, ನಾನೂ ಇತರರಿಗೆ ಹಾಗೆ ಹೇಳಿದವನೇ. ಆದರೆ ಅಂದು ಕೀಲಿಮಣೆಯ ಮುಂದೆ ಕುಳಿತು ಒಂದು ಸಾಲೂ ಬರೆಯಲಾಗಲಿಲ್ಲ. ಕಿವಿಯಲ್ಲಿ ಆ ಚಪ್ಪಾಳೆಯೇ ಇತ್ತು.

ಅವರಾರೂ ಕೆಟ್ಟ ಜನರಲ್ಲ. ಕಲೆ ಮೆಚ್ಚಬಲ್ಲವರು, ಮೆಚ್ಚಿದ್ದರು. ಸಂಕಟವನ್ನು ಸೌಂದರ್ಯವೆಂದು ಕೇಳಿಸಿಕೊಳ್ಳಲು ಒಂದು ಚಪ್ಪಾಳೆಯಷ್ಟು ಅಂತರ ಸಾಕು ಎಂಬುದೇ ನನ್ನನ್ನು ನಡುಗಿಸಿದ್ದು. ಆ ಮೇಲೆ ಯಾವುದೇ ಪ್ರಯೋಗದ ಬಗ್ಗೆ ಬರೆಯುವಾಗ ನಾನು ಮೊದಲು ಕಲಾವಿದರನ್ನು ಕೇಳುತ್ತೇನೆ: ಇಲ್ಲಿ ನೀವು ಏನು ಮಾಡಬೇಕೆಂದಿದ್ದಿರಿ? ಏನು ಸ್ವಚ್ಛವಾಗಿರಬೇಕಿತ್ತೆಂದು ತಿಳಿಯದೆ ಒಡಕನ್ನು ಹೊಗಳುವುದು ಬಿಟ್ಟಿದ್ದೇನೆ. ಹಾಡನ್ನು ಬಿಡಿಸಿ ನೋಡುವುದು ಭಾನುವಾರದ ಹವ್ಯಾಸ ಎಂಬ ಭಾವನೆಯೂ ಅಂದಿಗೇ ಹೋಯಿತು.

ನಾಲ್ಕು ತಿಂಗಳ ನಂತರ ಚಂದ್ರಾಬಾಯಿ ಅದೇ ಸಭಾಂಗಣಕ್ಕೆ ಬಂದರು. ಕೈಯಲ್ಲಿ ಕೋಲಿತ್ತು. ಮಾತು ನಿಧಾನವಾಗಿತ್ತು, ಕೆಲವು ಅಕ್ಷರಗಳು ಇನ್ನೂ ಒತ್ತಾಯ ಬೇಡುತ್ತಿದ್ದವು. ಪಲ್ಲವಿ ಮಾತ್ರ ಹಾಡುತ್ತೇನೆ ಎಂದರು. ಮಾಸ್ತರರು ಪೇಟಿ ಹಿಡಿದು ಕುಳಿತರು, ಕಣ್ಣು ಹೆಂಡತಿಯ ತುಟಿಯ ಮೇಲೆ.

"ನಿದ್ರಿಸು" ಸರಿಯಾಗಿ ಬಂತು. "ಪುತ್ರಾ" ಬರುವ ಮೊದಲು ಆಕೆ ಒಂದು ಕ್ಷಣ ತಡೆದರು. ಬಂತು, ಅರ್ಧ ಒಡೆದು.

ಹಾಡು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಲು ಧೈರ್ಯ ಯಾರಿಗಿತ್ತು? ಚಂದ್ರಾಬಾಯಿ ಕಾದರು. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ನೋಡಿದರು. ಮುಖ ಕೆಂಪಾಯಿತು.

"ಯಾಕ್ರಿ" ಎಂದರು, ಒಂದೊಂದೇ ಪದ ಹೆಕ್ಕಿ. "ಒನ್ಸ್ ಮೋರ್... ಅನ್ನಾಕ... ಒಬ್ಬರಿಗೂ... ಬಾಯಿಲ್ಲೇನು?"

ಪೇಟಿಯ ಹಿಂದಿನಿಂದ, ಬಹಳ ಮೆಲ್ಲಗೆ, ಈರಪ್ಪ ಮಾಸ್ತರರು "ಒನ್ಸ್ ಮೋರ್" ಎಂದರು.