ಟೈಲರಮ್ಮನ ಅಂಗಡಿಯ ಷಟರ್

ಅಂಗಡಿಗಳ ರೋಲಿಂಗ್ ಷಟರ್ ರಿಪೇರಿ ಮಾಡುವ ಅವನನ್ನು ಪೇಟೆಯವರೆಲ್ಲ ಗ್ರೀಸಣ್ಣ ಎಂದೇ ಕರೆಯುತ್ತಿದ್ದರು. ಬೀದಿಯ ಆ ತುದಿಯಲ್ಲಿ ನಿಂತು ಸದ್ದು ಕೇಳಿಯೇ ಷಟರಿನಲ್ಲಿ ಏನು ಕೆಟ್ಟಿದೆ ಎಂದು ಹೇಳಬಲ್ಲೆ ಎಂಬ ಜಂಬ ಅವನಿಗೆ. ಮೂವತ್ತು ವರ್ಷದ ಕಸುಬು, ಜಂಬ ಸುಳ್ಳೇನೂ ಆಗಿರಲಿಲ್ಲ.

ಒಂದು ದಿನ ಟೈಲರಮ್ಮ ಕರೆಸಿದಳು. "ಅಣ್ಣಾ, ಮೇಲಿಂದ ಕೀಚ್ ಕೀಚ್ ಅಂತ ಒಂದೇ ಸಮ ಸದ್ದು. ತಲೆ ಚಿಟ್ಟು ಹಿಡಿದುಹೋಗಿದೆ. ಷಟರ್ ಸುಮ್ನೆ..."

"ಬೇರಿಂಗ್ ಒಣಗಿದೆ ಬಿಡಮ್ಮ," ಎಂದ ಗ್ರೀಸಣ್ಣ. ಅವಳ ಮಾತು ಮುಗಿಯಲೂ ಬಿಡಲಿಲ್ಲ. ಏಣಿ ಹತ್ತಿ ಬೇರಿಂಗಿಗೆ ಗ್ರೀಸ್ ತುಂಬಿದ. ಷಟರ್ ಸುತ್ತಿಕೊಳ್ಳುವ ಪೆಟ್ಟಿಗೆಯ ಮೇಲೆ ಎರಡು ಬೆರಳಗಲದ ಸಂದು ಕಂಡಿತು. ಧೂಳು ಬೀಳದಿರಲೆಂದು ತಗಡಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿದ. ಆ ಬೀದಿಯ ಅಂಗಡಿಗಳಿಗೆಲ್ಲ ಈ ಉಪಕಾರ ಮಾಡಿಕೊಟ್ಟಿದ್ದ. ಒಳಗೆ ಇಣುಕಿ ಮಾತ್ರ ನೋಡಲಿಲ್ಲ.

ನಾಲ್ಕು ದಿನ ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ಟೈಲರಮ್ಮ ಕೂಗಿದಳು. "ಏನು ಕೈಗುಣ ಅಣ್ಣಾ ನಿಮ್ದು! ಎರಡು ದಿನ ಸದ್ದಿತ್ತು, ಆಮೇಲೆ ಗಪ್‌ಚುಪ್. ಮೊದಲು ಷಟರ್ ಮುಟ್ಟದೇ ಇದ್ರೂ ಇಡೀ ದಿನ ಕಿರುಚ್ತಿತ್ತು. ಗುಬ್ಬಿ ಬೇರೆ ಒಂದು ಬಂದು ನಿಮ್ಮ ತಗಡು ಕುಟ್ತಾನೇ ಇತ್ತು. ಕತ್ತರಿ ತೋರ್ಸಿ ಓಡಿಸ್ದೆ!"

ಗ್ರೀಸಣ್ಣ ತಲೆಯೆತ್ತಿ ಷಟರಿನ ಪೆಟ್ಟಿಗೆಯತ್ತ ನೋಡಿದ. ಮುಟ್ಟದ ಷಟರಿನ ಬೇರಿಂಗ್ ಎಲ್ಲಾದರೂ ಕಿರುಚುತ್ತದೆಯೇ?

ಏಣಿ ಹಾಕಿ ತಗಡು ಬಿಚ್ಚಿದ. ಪೆಟ್ಟಿಗೆಯ ಮೂಲೆಯಲ್ಲಿ ಒಣಹುಲ್ಲು, ಟೈಲರಮ್ಮ ಗುಡಿಸಿ ಎಸೆದ ಬಣ್ಣಬಣ್ಣದ ದಾರದ ತುಂಡುಗಳು. ಅವುಗಳ ನಡುವೆ ಮೂರು ಗುಬ್ಬಿಮರಿಗಳು. ಮೂರೂ ಬಾಯಿ ತೆರೆದುಕೊಂಡೇ ಸತ್ತಿದ್ದವು.

"ಏನಿದೆ ಅಣ್ಣಾ ಅಲ್ಲಿ?"

"ಕಸ ಕಣಮ್ಮ," ಎಂದು ಗೂಡನ್ನು ಹಾಗೇ ಚೀಲಕ್ಕೆ ಹಾಕಿಕೊಂಡ. ಅವಳಿಗೆ ಯಾಕೆ ನೋವು ಕೊಡಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಿಜ ಹೇಳಬೇಕೆಂದರೆ, ಅವನು ಉಳಿಸಿಕೊಂಡದ್ದು ತನ್ನ ಹೆಸರನ್ನು. ಮನೆಗೆ ಹೋಗಿ ಹೆಂಡತಿಗೂ ಬಾಯಿ ಬಿಡಲಿಲ್ಲ.

ಮರುದಿನದಿಂದ ಅಂಗಡಿ ಅಂಗಡಿಗೂ ಹೋಗಿ, "ಒಳಗೆ ಗಾಳಿ ಆಡ್ಬೇಕು" ಎಂದು ಸುಳ್ಳು ಹೇಳಿ ತಾನೇ ಬಿಗಿದ ತಗಡುಗಳನ್ನೆಲ್ಲ ಬಿಚ್ಚಿದ. ಏಳು ಪೆಟ್ಟಿಗೆಗಳಲ್ಲಿ ಹಳೆಯ ಗೂಡುಗಳಿದ್ದವು. ಒಳಗೆ ಏನಿದೆ ಎಂದು ಕೆದಕಿ ನೋಡುವ ಧೈರ್ಯ ಆಗಲಿಲ್ಲ.

ಇದಾಗಿ ಎರಡು ವರ್ಷವಾಯಿತು. ತೆರೆದ ಸಂದುಗಳಿಗೆ ಒಂದು ಗುಬ್ಬಿಯೂ ಬಂದಿಲ್ಲ. ಮೊನ್ನೆ ಟೈಲರಮ್ಮ ಬಟ್ಟೆ ಕತ್ತರಿಸುತ್ತಾ, "ಈಗ ಗುಬ್ಬಿಗಳೇ ಕಾಣಲ್ಲ ಅಲ್ವಾ ಅಣ್ಣಾ? ಎಲ್ಲಾ ಮೊಬೈಲ್ ಟವರ್ ಕಾಟ ಅಂತೆ," ಎಂದಳು.

ಗ್ರೀಸಣ್ಣ ಅವಳ ಮುಖ ನೋಡದೆ, "ಹೌದಂತಮ್ಮ," ಎಂದ.